ಯಾರು ಬೇಕಾದರೂ ಮಾಡಬಹುದಾಗಿದ್ದ ಕೊಳವೆ

ಶಿಗ್ಗಾವಿಯಲ್ಲಿ ನಾನು 'ಆಸೀಮ, ಪೇಟೆಂಟ್ ಏಜೆಂಟ್' ಎಂದು ಬೋರ್ಡು ಹಾಕಿದಾಗ, 'ಏಜೆಂಟ್' ಅಷ್ಟನ್ನೇ ಓದಿ ಗ್ಯಾಸ್ ಸಿಲಿಂಡರ್ ಯಾವಾಗ ಬರುತ್ತದೆಂದು ಕೇಳಿದವರೇ ಹೆಚ್ಚು. ಅಂಥ ಹೊತ್ತಿನಲ್ಲಿ ನಿಜವಾದ ಕೆಲಸ ತಂದ ಪುಣ್ಯಾತ್ಮರು ಮಾಸೂರಿನ ಉಳವಪ್ಪ ಕಾಕಾ. ಹಾಗಾಗಿ ಅವರನ್ನು ಬೈಯುವ ಹಕ್ಕೂ ನನ್ನದೇ.

ಕಾಕಾ ಮಾಡಿದ್ದು ನಿಂತುಕೊಂಡೇ ಗೋವಿನಜೋಳದ ಬುಡಕ್ಕೆ ಗೊಬ್ಬರ ಬಿಡುವ ಕೊಳವೆ. ಹಿಡಿಕೆಗೆ ಸೈಕಲ್ಲಿನ ಬ್ರೇಕು. ಒತ್ತಿದರೆ ಒಂದು ಹಿಡಿ ಬೀಳುತ್ತದೆ, ಬಿಟ್ಟರೆ ನಿಲ್ಲುತ್ತದೆ. ವ್ಯಾಪಾರಿಯೊಬ್ಬ ಆಗಲೇ ನಕಲು ಮಾಡಿಸಿ ಮಾರತೊಡಗಿದ್ದ. ಪೇಟೆಂಟ್ ಸಿಗದಿದ್ದರೆ ಅವನನ್ನು ತಡೆಯುವವರೇ ಇಲ್ಲ.

ಪೇಟೆಂಟ್ ಕಚೇರಿಯ ತಕರಾರು ಇಷ್ಟು: ಗೊಬ್ಬರದ ಕೊಳವೆ ಹಳೆಯದು, ಬ್ರೇಕು ಅದಕ್ಕಿಂತ ಹಳೆಯದು, ಎರಡನ್ನೂ ಕೂಡಿಸುವುದು ಆ ಕಸುಬಿನ ಯಾರಿಗಾದರೂ ಹೊಳೆಯುತ್ತದೆ. ಹೊಳೆಯುವುದಿಲ್ಲ ಎಂದು ನಾವು ತೋರಿಸಬೇಕಿತ್ತು.

ವಿಚಾರಣೆ ಕಾಕಾನ ಪಡಸಾಲೆಯಿಂದ, ವಿಡಿಯೋದಲ್ಲಿ. ಅಧಿಕಾರಿ ಮೇಡಂ ಕನ್ನಡದವರು. ನಾನು ಗಂಟಲು ಹರಿದುಕೊಂಡು ವಾದಿಸಿ ಮುಗಿಸಿದ ಮೇಲೆ ಅವರು ಕಾಕಾನಿಗೆ, ಚೆಂದ ಮಾಡಿದ್ದೀರಿ ಎಂದರು. ಹೊಗಳಿದಾಗ ಹೌದೆಂದರೆ ನಮ್ಮ ಕಡೆ ಸೊಕ್ಕು ಅನ್ನುತ್ತಾರೆ. ಕಾಕಾ ಕೈಮುಗಿದು ನಕ್ಕರು.

"ಅದರಾಗೇನೈತ್ರಿ ಮೇಡಮ್ಮರ, ಯಾರ ಬೇಕಾದ್ರೂ ಮಾಡ್ತಾರ್ರಿ."

ಯಾ ಅಲ್ಲಾ! ತಮ್ಮ ಕಾಲ ಮೇಲೆ ತಾವೇ ಕಲ್ಲು ಹಾಕಿಕೊಳ್ಳುವವರನ್ನು ನೋಡಿದ್ದೆ, ಇಷ್ಟು ಮರ್ಯಾದೆಯಿಂದ ಹಾಕಿಕೊಂಡವರನ್ನು ನೋಡಿರಲಿಲ್ಲ. ಮೇಡಂ ಆ ಮಾತನ್ನೇ ಟೈಪು ಮಾಡತೊಡಗಿದರು.

ಚಹಾ ತಂದಿದ್ದ ಕಾಕಾನ ಹೆಂಡತಿ ಶಿವಬಸವ್ವ ಕಾಕು ತಟ್ಟೆ ಕೆಳಗಿಟ್ಟು ಪರದೆಯ ಮುಂದೆ ಬಂದರು.

"ಯಾರ ಬೇಕಾದ್ರೂ ಮಾಡೂವಂಗಿದ್ರ ಗೊಬ್ಬರ ಹಾಕಿ ಹಾಕಿ ನಮ್ಮವ್ವನ ನಡಾ ಯಾಕ ಬಗ್ಗಿತ್ರಿ? ಆಗೂ ಕೊಳವಿ ಇತ್ತು, ಸೈಕಲ್ಲೂ ಇತ್ತು. ಈ ಓಣ್ಯಾಗ ನನ್ನ ವಯಸ್ಸಿನ ಹೆಣ್ಮಕ್ಕಳು ಒಬ್ರೂ ನೆಟ್ಟಗ ನಿಂದರೂದಿಲ್ಲ."

ಟೈಪು ನಿಂತಿತು. ಹಾಗಾದರೆ ಇವರಿಗೊಬ್ಬರಿಗೇ ಹೇಗೆ ಹೊಳೆಯಿತು ಎಂದು ಮೇಡಂ ಕೇಳಿದರು. ಕಾಕಾ ಈಗ ನಗುತ್ತಿರಲಿಲ್ಲ.

"ಈಕಿ ಹೊಲದಿಂದ ಬಂದು ಗ್ವಾಡಿ ಹಿಡಕೊಂಡು ಕುಂದರತಿದ್ಲರಿ," ಎಂದರು. "ನೋಡಾಕ ಆಗಲಿಲ್ಲ."

ಕಾಕು ಗಂಡನ ಮುಖ ನೋಡಿದರು. ಇಷ್ಟು ವರ್ಷದ ಸಂಸಾರದಲ್ಲಿ ಆ ಮಾತು ಅವರಿಗೂ ಹೊಸದು. ನಾನು ವಾದಿಸಲು ಏನೂ ಉಳಿದಿರಲಿಲ್ಲ.

ಪೇಟೆಂಟ್ ಸಿಕ್ಕಿತು. ಆದೇಶ ಓದಿ ಹೇಳಲು ಮಾಸೂರಿಗೆ ಹೋದೆ. ವ್ಯಾಪಾರಿಗೆ ನೋಟಿಸು ಯಾವಾಗ ಎಂದು ಕಾಕಾ ಕೇಳಿದರೆ, ಕಾಕು ಕೇಳಿದ್ದು ಬೇರೆ.

"ಅದರಾಗ ನಮ್ಮವ್ವನ ನಡಾ ಬರದಾರೇನಪಾ?"

ಬರೆದಿದ್ದರು, ಸರ್ಕಾರಿ ಭಾಷೆಯಲ್ಲಿ: ಬಹುಕಾಲದಿಂದ ಯಾರೂ ನೀಗಿಸದ ಕಷ್ಟ. ಆ ಸಾಲನ್ನು ಕಾಕು ನನ್ನಿಂದ ಮತ್ತೊಮ್ಮೆ ಓದಿಸಿದರು.