ಊದದ ಕುತ್ತಿಗೆ

ಪಶುವೈದ್ಯರು ನನ್ನ ಮಗಳ ಕೈಯಿಂದ ಲೋಟ ಕಿತ್ತುಕೊಂಡರು. ಅಮ್ಮ ಆಗಷ್ಟೇ ಕರೆದು ಕೊಟ್ಟ ನೊರೆಹಾಲು ಅದು, ಕಾಯಿಸದ್ದು.

ಹಂಪಾಪುರದ ನಮ್ಮ ಮನೆಯ ಹಸುವಿನ ಕುತ್ತಿಗೆಗೆ ಅವರು ಮೂರು ದಿನದ ಹಿಂದೆ ಕ್ಷಯದ ಪರೀಕ್ಷೆಗೆಂದು ಸೂಜಿ ಚುಚ್ಚಿದ್ದರು. ರೋಗವಿದ್ದರೆ ಆ ಜಾಗ ಊದುತ್ತದೆ ಎಂದಿದ್ದರು. ಊದಿರಲಿಲ್ಲ. ಸದ್ಯ ಬದುಕಿದೆವು ಎಂದುಕೊಂಡಿದ್ದೆವು.

ವೈದ್ಯರು ಕೆಮ್ಮುತ್ತಿದ್ದ ಹಸುವಿನ ಎದ್ದ ಪಕ್ಕೆಲುಬು ಸವರಿದರು. "ಊದಿಲ್ಲ ಅಂತ ನಂಬ್ಕೋಬೇಡಿ ಕಣವ್ವ. ವರ್ಸಗಟ್ಲೆ ರೋಗದ ಜತೆ ಬಡಿದಾಡಿ ಸೋತ ಮೈಗೆ ಊದೋಕೂ ತ್ರಾಣ ಇರಕಿಲ್ಲ. ರಕ್ತ ಪರೀಕ್ಷೆ ಆಗ್ಲಿ. ಹಸಿಹಾಲಲ್ಲಿ ಈ ರೋಗ ಮನುಸ್ರಿಗೂ ದಾಟ್ತದೆ."

"ಮೂರ್ ವರ್ಸದಿಂದ ಮಗೀಗೆ ಇದ್ನೇ ಕುಡುಸ್ತಿವ್ನಲ್ಲ ಸ್ವಾಮಿ," ಎಂದಳು ಅಮ್ಮ.

ಹಸುವಿನದೂ ಮಗಳದೂ ಪರೀಕ್ಷೆಯ ವರದಿ ಇನ್ನೂ ಬಂದಿಲ್ಲ. ಮಗಳು ಒಮ್ಮೆ ಕೆಮ್ಮಿದರೂ ಮನೆಯಲ್ಲಿ ಮಾತು ನಿಂತುಬಿಡುತ್ತದೆ.