ಎರಡನೇ ಸಲ ಬರೆದ ಪರೀಕ್ಷೆ

ಇವತ್ತು ಬೆಳಿಗ್ಗೆ ಪದಬಂಧ ತುಂಬಲೆಂದು ಪೆನ್ಸಿಲ್ ಹೆರೆಯುತ್ತಿದ್ದೆ. ಆ ಸಿಪ್ಪೆಯ ವಾಸನೆ ಮೂಗಿಗೆ ತಾಗಿದ್ದೇ ತಡ, ನನಗೆ ಒಂಬತ್ತು ವರ್ಷವಾಯಿತು. ವಯಸ್ಸಾದವರ ಮೂಗಿನ ಚಾಳಿಯೇ ಇದು, ಕ್ಷಮಿಸಿ. ಕೇಳದೇ ಎಲ್ಲಿಗೋ ಎಳೆದೊಯ್ಯುತ್ತದೆ.

ಅರವತ್ತರ ದಶಕ ಆಗಷ್ಟೇ ಶುರುವಾಗಿತ್ತು. ಜಯನಗರದಲ್ಲಿ ನಮ್ಮ ಮನೆ ಹೊಸದು. ಸುತ್ತ ಮನೆಗಳಿಗಿಂತ ಖಾಲಿ ಸೈಟುಗಳೇ ಹೆಚ್ಚು. ಮೂಲೆಮೂಲೆಗೆ ನೆಟ್ಟ ಕಲ್ಲು, ನಡುವೆ ಯಾರದೋ ಹಸು. ಸರ್ಕಾರಿ ಗುಮಾಸ್ತರಾಗಿದ್ದ ಅಪ್ಪನಿಗೆ ನನ್ನನ್ನು ಬಸವನಗುಡಿ ಕಡೆಯ ಒಂದು ಖಾಸಗಿ ಇಂಗ್ಲಿಷ್ ಶಾಲೆಗೆ ಸೇರಿಸುವ ಆಸೆ. ಸೀಟು ಬೇಕಾದರೆ ಪರೀಕ್ಷೆ ಬರೆಯಬೇಕು. ನಿಮ್ಮ ಮನೆಯ ಕಿಟಕಿಯಿಂದ ಏನು ಕಾಣುತ್ತದೆ, ಇಂಗ್ಲಿಷಿನಲ್ಲಿ ಐದು ವಾಕ್ಯ ಬರೆಯಿರಿ ಎಂದರು. ನನಗೆ ಬರುತ್ತಿದ್ದ ಇಂಗ್ಲಿಷಿನಲ್ಲಿ ಬರೆದೆ: ಕಲ್ಲು. ಕಲ್ಲು. ಹಸು. ಕಲ್ಲು. ಕಲ್ಲು.

ಸುಳ್ಳೇನೂ ಅಲ್ಲವಲ್ಲ!

ಹೆಡ್‌ಮಿಸ್ ನಕ್ಕರು. "ಹದಿನೈದು ದಿನ ಬಿಟ್ಟು ಇನ್ನೊಂದ್ಸಲ ಬರೀಲಿ, ನೋಡೋಣ" ಎಂದು ಅಪ್ಪನಿಗೆ ಹೇಳಿದರು.

ಮನೆಯಲ್ಲಿ ಚರ್ಚೆ ಶುರುವಾಯಿತು. ಪಕ್ಕದ ಮನೆಯ ನಿವೃತ್ತ ಮೇಷ್ಟ್ರು ಬಂದು, "ತೋಟ ಕಾಣುತ್ತೆ, ಗುಲಾಬಿ ಕಾಣುತ್ತೆ ಅಂತ ಬಾಯಿಪಾಠ ಮಾಡಿಸ್ಬಿಡ್ತೀನಿ" ಎಂದರು.

"ಇಲ್ಲಿ ಗುಲಾಬಿ ಎಲ್ಲಿದೆ ಮೇಷ್ಟ್ರೇ?" ಎಂದೆ.

"ಪರೀಕ್ಷೇಲಿ ಇರುತ್ತೆ ಮಗು."

ಅಮ್ಮನಿಗೆ ಇದು ಬೇಡವಾಗಿತ್ತು. "ಇಲ್ಲೇ ಸರ್ಕಾರಿ ಸ್ಕೂಲಲ್ಲಿ ಚೆನ್ನಾಗಿ ಓದ್ತಿದಾಳಲ್ಲ ರೀ. ಎರಡೆರಡು ಸಲ ಹೋಗಿ ಬೇಡ ಅನ್ನಿಸ್ಕೋಬೇಕಾ?"

ಅಪ್ಪ ನನ್ನತ್ತ ತಿರುಗಿ, "ನೀನೇ ಹೇಳು. ಹೋಗ್ತೀಯಾ?" ಎಂದರು.

ಹುಳಿಗೆ ಯಾವ ತರಕಾರಿ ಹಾಕಬೇಕೆಂದೂ ಆ ಮನೆಯಲ್ಲಿ ಯಾರೂ ನನ್ನನ್ನು ಕೇಳಿದವರಲ್ಲ. ಸಿಕ್ಕ ಅಧಿಕಾರವನ್ನು ಬೇಗ ಬಿಟ್ಟುಕೊಡಲು ಮನಸ್ಸಾಗದೆ ಮೂರು ದಿನ ಯೋಚಿಸಿದೆ. ನಿಜ ಹೇಳಲೇ? ಆ ಶಾಲೆಯ ಮೇಲೆ ನನಗೆ ಅಂಥ ಮೋಹವೇನೂ ಇರಲಿಲ್ಲ. ಆದರೆ ಪರೀಕ್ಷೆಯ ಕೋಣೆಯ ಕಿಟಕಿಗೆ ಆಚೆ ಏನೂ ಕಾಣದಂಥ ಹಸಿರು ಗಾಜು ಹಾಕಿದ್ದರು. ನಮ್ಮ ಕಿಟಕಿಯ ವಿಷಯ ಕೇಳಿದವರ ಕಿಟಕಿಯಾಚೆ ಏನಿದೆ ಎಂಬ ಕುತೂಹಲ ಬಿಡಲೊಲ್ಲದು. ಕೊನೆಗೆ "ಹೋಗ್ತೀನಿ" ಎಂದೆ.

ದಿನಾ ಸಂಜೆ ಜಗಲಿಯಲ್ಲಿ ಪಾಠ ನಡೆಯಿತು. ಅಮ್ಮ ನಮ್ಮತ್ತ ಬೆನ್ನು ಹಾಕಿ ಅಕ್ಕಿ ಆರಿಸುತ್ತಾ ಕೂತಿರುತ್ತಿದ್ದಳು. ಅಷ್ಟು ಹೊತ್ತು ಆರಿಸುವಷ್ಟು ಕಲ್ಲು ಆ ಅಕ್ಕಿಯಲ್ಲಿರಲಿಲ್ಲ.

ಅಪ್ಪನಿಗೆ ರಜೆ ಸಿಗದೆ ಎರಡನೇ ಸಲ ಅಮ್ಮನೇ ಕರೆದುಕೊಂಡು ಹೋದಳು. ಬರೆಯಬೇಕಾದ್ದು ಮತ್ತೆ ಐದು ವಾಕ್ಯ, ಆದರೆ ಪ್ರಶ್ನೆ ಬೇರೆಯಾಗಿತ್ತು: ನಿನ್ನ ತಾಯಿ ಈಗ ಏನು ಮಾಡುತ್ತಿದ್ದಾರೆ? ಗುಲಾಬಿಗಳೆಲ್ಲ ದಂಡವಾದವು. ನಾನು ಎದ್ದು ನಿಂತೆ.

"ಮಿಸ್, ನೋಡ್ಕೊಂಡ್ ಬರ್ಲಾ?"

ಅವರು ಬಾಗಿಲ ಕಡೆ ಕೈ ತೋರಿಸಿ, "ಬೇಗ ಬಾ" ಎಂದರು.

ಹಸಿರು ಗಾಜಿನಾಚೆ ಇದ್ದದ್ದು ಒಂದು ಹೊಂಗೆಮರ, ಅದರಡಿ ಬೆಂಚು. ಬೆಂಚಿನ ಮೇಲೆ ಅಮ್ಮ. ಎದುರಿನ ಗೋಡೆಯ ಇಂಗ್ಲಿಷ್ ಬೋರ್ಡನ್ನು ನೋಡುತ್ತಾ, ಒಂದೊಂದೇ ಅಕ್ಷರವನ್ನು ಬೆರಳಿನಿಂದ ಅಂಗೈ ಮೇಲೆ ಬರೆದುಕೊಂಡು, ತುಟಿ ಅಲುಗಿಸಿ ಕೂಡಿಸುತ್ತಿದ್ದಳು. ಅವಳಿಗೆ ಇಂಗ್ಲಿಷ್ ಅಕ್ಷರ ಬರುತ್ತದೆಂದು ನಮಗ್ಯಾರಿಗೂ ಗೊತ್ತಿರಲಿಲ್ಲ. ಸದ್ದು ಮಾಡದೆ ಒಳಗೆ ಬಂದು, ನನ್ನ ತಾಯಿ ಓದುತ್ತಿದ್ದಾಳೆ ಎಂದು ಇಂಗ್ಲಿಷಿನಲ್ಲಿ ಬರೆದೆ. ಮಿಕ್ಕ ನಾಲ್ಕು ವಾಕ್ಯ ಹೊಳೆಯಲೇ ಇಲ್ಲ.

ವಾರದ ಮೇಲೆ ಕಾರ್ಡು ಬಂತು: ಸೀಟಿಲ್ಲ. ಅಪ್ಪ ಊಟ ಅರ್ಧಕ್ಕೇ ಬಿಟ್ಟು ಎದ್ದರು. ಬೇಡವಾಗಿದ್ದ ಶಾಲೆಗಾಗಿ ನಾನೂ ಬಚ್ಚಲುಮನೆಯಲ್ಲಿ ಕೂತು ಅತ್ತೆ. ಸಂಜೆ ಮೇಷ್ಟ್ರು ಸಮಾಧಾನ ಹೇಳಲು ಬಂದು ಜಗಲಿಯಲ್ಲಿ ಕೂತಾಗ ಅಮ್ಮ ಬಾಗಿಲ ಹತ್ತಿರವೇ ನಿಂತು, "ಪಾಠ ನಿಲ್ಲಿಸ್ಬೇಡಿ ಮೇಷ್ಟ್ರೇ" ಎಂದಳು. ಆಮೇಲೆ ಸೆರಗಿನ ತುದಿ ಹಿಡಿದು, "ನಾನೂ ಕೂತ್ಕೊಳ್ಳಲಾ?"

ಮೇಷ್ಟ್ರು ಚಾಪೆಯ ಮೇಲೆ ಸರಿದು ಜಾಗ ಮಾಡಿದರು.

ಇಷ್ಟು ವರ್ಷ ಈ ಕತೆಯನ್ನು ನಾನು ಎರಡು ಸಲ ಫೇಲಾದ ಕತೆಯೆಂದೇ ಹೇಳಿ ನಗಿಸಿದ್ದೇನೆ. ಇವತ್ತು ನಗು ಬರಲಿಲ್ಲ. ಕಲಿಯಬೇಕು ಅಂತ ನಿನಗೆ ಯಾವಾಗಿನಿಂದ ಅನ್ನಿಸಿತ್ತಮ್ಮಾ ಎಂದು, ಅಮ್ಮ ಇದ್ದಾಗ, ಅವಳನ್ನು ಒಂದು ಸಲವಾದರೂ ಕೇಳಬಹುದಿತ್ತು. ಕೇಳಿದ್ದರೆ, ಹೇಳುತ್ತಿದ್ದಳು.