ಕಾಯಿ ಮರೆತ ಬೆಂಡೆಗಿಡ

ನಮ್ಮ ಹಿತ್ತಿಲಿನ ಬೆಂಡೆಗಿಡಗಳು ಈ ಮಳೆಗಾಲದಲ್ಲಿ ನನ್ನ ತಲೆಗಿಂತ ಎತ್ತರ ಬೆಳೆದವು. ಎಲೆಗಳೋ, ಒಂದೊಂದೂ ಊಟಕ್ಕೆ ಹಾಸುವಷ್ಟು. ದಾರಿಹೋಕರು ನಿಂತು ನೋಡಿದರು. ನಾನು ಗಂಭೀರವಾಗಿ ಕೆಮ್ಮಿದೆ. ಸಣ್ಣದೊಂದು ಕೊರತೆ ಮಾತ್ರ ಇತ್ತು. ಬೆಂಡೆಕಾಯಿ ಇರಲಿಲ್ಲ.

ತಪ್ಪು ಯಾರದು? ಮುಚ್ಚುಮರೆ ಏಕೆ, ನನ್ನದೇ.

ಬಲ್ಮಠದ ನಮ್ಮ ಬಾಡಿಗೆ ಮನೆಯ ಹಿಂದೆ ನಾಲ್ಕು ಸಾಲು ತರಕಾರಿಗೆ ಜಾಗ ಉಂಟು. ಅದರ ಆಡಳಿತ ಅಮ್ಮನದು; ಕಳೆ ಕೀಳುವ ಅಧಿಕಾರ ನನ್ನದು. ತವರಿನಿಂದ ತಂದ ಬಿಳಿ ಬೆಂಡೆಯ ಬೀಜವನ್ನು ಅಮ್ಮ ಪ್ರತಿ ವರ್ಷ ಬಿತ್ತುತ್ತಾರೆ. ಎರಡು ಕಾಯಿಗಳನ್ನು ಗಿಡದಲ್ಲೇ ಒಣಗಲು ಬಿಟ್ಟು, ಆ ಬೀಜಕ್ಕೆ ಬೂದಿ ಬೆರೆಸಿ ಮುಂದಿನ ವರ್ಷಕ್ಕೆ ಇಡುತ್ತಾರೆ. ಈ ಸಲ ಡಬ್ಬಿಗೆ ತೇವ ಹಿಡಿದು ಬೀಜ ಅರ್ಧ ಹಾಳಾಗಿತ್ತು. ಉಳಿದಷ್ಟನ್ನೂ ಬಿತ್ತಿದ್ದರು. ತವರಿನಲ್ಲಿಯೂ ಈಗ ಆ ಜಾತಿ ಇಲ್ಲ. ಅಂದರೆ ಈ ಗಿಡಗಳು ಕಾಯಿ ಬಿಡದಿದ್ದರೆ ವಂಶವೇ ಮುಗಿಯಿತು.

ಇಂಥ ಹೊತ್ತಿನಲ್ಲೇ ನಾನು ವಿಜ್ಞಾನದ ಪಕ್ಷ ಸೇರಿದೆ.

ಕೃಷಿ ಇಲಾಖೆಯ ಆಫೀಸರೊಬ್ಬರ ಭಾಷಣ ಕೇಳಿದ್ದೆ. ಪಾಪ, ಅವರು ಅಮೋನಿಯಂ ಸಲ್ಫೇಟನ್ನು ಚಮಚದಲ್ಲಿ ಅಳೆದು ತೋರಿಸಿದ್ದರು. ಸೆಗಣಿ ಗೊಬ್ಬರ ಬಿಡಬೇಡಿ ಎಂದೂ ಹೇಳಿದ್ದರಂತೆ. (ಆಗ ನಾನು ಚಪ್ಪಾಳೆ ತಟ್ಟುತ್ತಿದ್ದೆ.) ನಾನು ಆ ಬಿಳಿ ಗೊಬ್ಬರದ ಚೀಲವನ್ನೇ ತಂದು ಮುಷ್ಟಿಯಲ್ಲಿ ಎರಚಿದೆ. ಚಮಚ ಮಾಡುವ ಕೆಲಸವನ್ನು ಮುಷ್ಟಿ ಇನ್ನೂ ಚೆನ್ನಾಗಿ ಮಾಡಬೇಡವೇ? ಸೆಗಣಿ, ಬಚ್ಚಲೊಲೆಯ ಬೂದಿ ಎಲ್ಲ ಹಳೇ ಕಾಲದ್ದು, ಇನ್ನು ಬೇಡ ಎಂದು ಅಮ್ಮನಿಗೆ ಅಪ್ಪಣೆ ಕೊಡಿಸಿದೆ.

“ಓದಿದವ ನೀನು. ಮಾಡು” ಎಂದರು ಅಮ್ಮ.

ಆ ಮಾತಿನ ತೂಕ ಗೊತ್ತಾದದ್ದು ಆಟಿ ತಿಂಗಳಲ್ಲಿ, ಅಂದರೆ ಆಷಾಢದ ಜಡಿಮಳೆಯಲ್ಲಿ. ಗಿಡದಲ್ಲಿ ಹೂವಿಲ್ಲ. ಅಮ್ಮ ದಿನವೂ ಬೆಳಗ್ಗೆ ಹೋಗಿ ಎಲೆ ಎತ್ತಿ ನೋಡಿ ಬರುತ್ತಿದ್ದರು, ಅಷ್ಟೇ. ಬೈದಿದ್ದರೆ ವಾಸಿಯಿತ್ತು.

ಗೋಡೆಯಾಚೆಯ ಕಾರ್ಮಿನ್ ಬಾಯಿ ಆಸ್ಪತ್ರೆಯಲ್ಲಿ ನರ್ಸು. ಒಂದು ದಿನ ಡ್ಯೂಟಿ ಮುಗಿಸಿ ಬಂದವರು ನಮ್ಮ ಗಿಡಗಳನ್ನೂ ಪರೀಕ್ಷಿಸಿದರು.

“ಎಂತ ರಾಯರೇ, ಬರೀ ಅನ್ನ ಬಡಿಸಿದ್ದೀರಾ ಇದಕ್ಕೆ? ಮೈ ಮಾತ್ರ ಬಂದಿದೆ.”

ಬಿಳಿ ಗೊಬ್ಬರ ನಿಲ್ಲಿಸಬೇಕು, ಬೂದಿ ಸೆಗಣಿ ಮತ್ತೆ ಶುರು ಮಾಡಬೇಕು, ಜೊತೆಗೆ ಮೀನು ತೊಳೆದ ನೀರು ಎರೆಯಬೇಕು ಎಂದು ಚಿಕಿತ್ಸೆ ಬರೆದರು. ಅವರ ಕರಿಬೇವು, ಬಸಳೆ ಎಲ್ಲ ಆ ನೀರಿನಲ್ಲೇ ಕೊಬ್ಬಿದ್ದಂತೆ.

ಮೀನು! ನಮ್ಮ ಮನೆಯಲ್ಲಿ ಆ ಪದವನ್ನು ರಾಶಿಭವಿಷ್ಯ ಓದುವಾಗ ಮಾತ್ರ ಉಚ್ಚರಿಸುವುದು.

ಆದರೂ ವಂಶದ ಪ್ರಶ್ನೆ. ಎರಡು ರಾಜ್ಯಗಳ ನಡುವೆ ಗುಪ್ತ ಒಪ್ಪಂದವಾಯಿತು. ಆಟಿಯಲ್ಲಿ ಕಡಲು ಮುನಿದರೂ ಉಳ್ಳಾಲದ ಕಡೆಯಿಂದ ಹೊಳೆಮೀನಿನ ಬುಟ್ಟಿ ಬರುತ್ತದೆ. ಮಧ್ಯಾಹ್ನ ಅಮ್ಮ ಮಲಗಿದ ಮೇಲೆ ಬಾಯಿಯವರು ಮೀನು ತೊಳೆದ ನೀರನ್ನು ಗೋಡೆಯ ಮೇಲಿಂದ ಬೆಂಡೆಯ ಬುಡಕ್ಕೆ ಹೊಯ್ಯುವುದು. ನಾನು ಬಹಿರಂಗವಾಗಿ ಸೋಲೊಪ್ಪಿ ಬೂದಿಬುಟ್ಟಿ ಹೊರುವುದು.

ಕೆಲವು ವಾರ ಕಳೆದವು. ಒಂದು ಬೆಳಗ್ಗೆ ಅಮ್ಮ ಕರೆದರು. ಹಳದಿ ಹೂವು! ಆಮೇಲೆ ಕಾಯಿಗಳು ನಾಚಿಕೆ ಬಿಟ್ಟು ಬಂದವು. ಮೊದಲ ಎರಡಕ್ಕೆ ಅಮ್ಮ ಕೆಂಪು ನೂಲು ಕಟ್ಟಿ, “ಇದು ಬೀಜಕ್ಕೆ. ಮುಟ್ಟಿದರೆ ಕೈ ಮುರಿದೇನು” ಎಂದರು. ಎಷ್ಟೋ ದಿನಗಳ ಮೇಲೆ ನನಗೆ ಬೈಗುಳ ಸಿಕ್ಕಿತು. ಹೊಟ್ಟೆ ತುಂಬಿತು.

ಅಷ್ಟರಲ್ಲಿ ಕಾರ್ಮಿನ್ ಬಾಯಿಯವರ ಮೊಂತಿ ಹಬ್ಬ ಬಂತು. ಆ ದಿನ ಅವರಲ್ಲಿ ಹೊಸ ತೆನೆಯ ಊಟ. ತರಕಾರಿ ಬೆಸ ಸಂಖ್ಯೆಯಲ್ಲಿ ಆಗಬೇಕು, ಮೀನು ಕೂಡದು. ಎಂಟು ತರಕಾರಿ ಸೇರಿತ್ತು, ಒಂದು ಕಡಿಮೆ. ಅಮ್ಮ ತಾವೇ ಸೆರಗಿನಲ್ಲಿ ಬೆಂಡೆ ಕಟ್ಟಿಕೊಂಡು ಗೋಡೆಯ ಬಳಿ ಹೋದರು.

“ತೆಗೊಳ್ಳಿ ಬಾಯಮ್ಮ, ಒಂಬತ್ತನೆಯದು. ಇವತ್ತು ನಿಮ್ಮಲ್ಲಿ ಮೀನಿಲ್ಲವಲ್ಲ, ನಾಳೆ ಸ್ವಲ್ಪ ಜಾಸ್ತಿ ಹೊಯ್ಯಿ. ಆಚೆ ಕೊನೆಯ ಎರಡು ಗಿಡಕ್ಕೆ ನಿಮ್ಮ ನೀರು ತಾಗುವುದೇ ಇಲ್ಲ.”

ಬಾಯಿಯವರು ಗೋಡೆ ಹಿಡಿದು ನಕ್ಕರು. ನಾನು ಪೇಪರಿನ ಹಿಂದೆ ಮುಖ ಮರೆಸಿಕೊಂಡೆ. ಕೊನೆಗೆ, ಮೊದಲೇ ಗೊತ್ತಿತ್ತಾ ಎಂದು ಅಮ್ಮನನ್ನು ಕೇಳಿದೆ.

“ವಯಸ್ಸಾದದ್ದು ಕಣ್ಣಿಗೆ ಮಾರಾಯ, ಮೂಗಿಗಲ್ಲ. ಮಣ್ಣು ಎಂತ ತಿಂದಿತು ಅಂತ ನಾವು ಕೇಳ್ಲಿಕ್ಕುಂಟಾ?”

ಹಾಗಾದರೆ ಉಳಿದ ಬಿಳಿ ಗೊಬ್ಬರವನ್ನು ಬಿಸಾಡಲೇ ಎಂದೆ. ಬೇಡವಂತೆ. ಹರಿವೆಗೆ ಒಂದೊಂದು ಚಿಟಿಕೆ ಹಾಕಬೇಕಂತೆ. ಅಲ್ಲಿ ನಮಗೆ ಬೇಕಾದದ್ದು ಎಲೆಯೇ ತಾನೆ? ಯಾವ ಗೊಬ್ಬರವೂ ಅಮ್ಮನ ಲೆಕ್ಕದಲ್ಲಿ ಪಾಪಿಯಲ್ಲ. ಪಾಪಿ ಮುಷ್ಟಿ ಮಾತ್ರ.

ಉಳಿದದ್ದು ಒಂದೇ ಧರ್ಮಸೂಕ್ಷ್ಮ: ಮೀನುಂಡ ಬೆಂಡೆ ಸಸ್ಯಾಹಾರವೋ, ಅಲ್ಲವೋ? ಓದುಗರಲ್ಲಿ ಪಂಡಿತರಿದ್ದರೆ ಅವಸರವಿಲ್ಲದೆ ಗ್ರಂಥ ನೋಡಿ ತಿಳಿಸಲಿ. ಇನ್ನೂ ಒಂದು ತಿಂಗಳು ಕಾಯಿ ಬರುವ ಹಾಗುಂಟು.